ಬಾಗಿಲು ಮತ್ತೆ ತೆರೆದಾಗ ಮಗು ಏನು ಮಾಡಿತು? ಲೇಖಕರೊಬ್ಬರಿಗೆ ಉತ್ತರ

ನಮಸ್ಕಾರ.

ಮಗುವಿಗೆ ತಾಯಿಯೊಂದಿಗಿರುವ ಬಾಂಧವ್ಯ ಎಂಥದ್ದೆಂದು ನೋಡುವ, ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅವರ ‘ಅಪರಿಚಿತ ಸನ್ನಿವೇಶ’ ಪ್ರಯೋಗದ ಬಗ್ಗೆ ನೀವು ಕಳಿಸಿದ ‘ಅಳದ ಮಗುವೇ ಗಟ್ಟಿ ಮಗು’ ಲೇಖನ ಓದಿದೆವು. ಭಾಷೆ ತಿಳಿಯಾಗಿದೆ, ಪಾಂಡಿತ್ಯದ ಭಾರವಿಲ್ಲ. ಆದರೂ ಹೀಗೇ ಪ್ರಕಟಿಸಲಾಗದು, ಏಕೆಂದರೆ ಶೀರ್ಷಿಕೆಯೇ ಪ್ರಯೋಗವನ್ನು ತಲೆಕೆಳಗು ಮಾಡಿದೆ.

ತಾಯಿ ಕೋಣೆಯಿಂದ ಹೊರಹೋದಾಗ ಅತ್ತ ಮಗು ‘ಅಸುರಕ್ಷಿತ’, ಅಳದೆ ಆಡಿಕೊಂಡಿದ್ದ ಮಗು ‘ಸುರಕ್ಷಿತ’ ಎಂದು ಬರೆದಿದ್ದೀರಿ. ಅಳುವನ್ನೂ ದಾಖಲಿಸುತ್ತಾರೆ ನಿಜ, ಆದರೆ ತೀರ್ಪು ಅಲ್ಲಿಲ್ಲ. ಪ್ರಯೋಗದಲ್ಲಿ ಎಂಟು ಹಂತಗಳು. ಮೊದಲನೆಯದು ಅರ್ಧ ನಿಮಿಷ, ಉಳಿದವು ಸುಮಾರು ಮೂರು ಮೂರು ನಿಮಿಷ. ಮಗು ತೀರಾ ಗೋಳಾಡಿದರೆ ತಾಯಿ ಇಲ್ಲದ ಹಂತವನ್ನು ಮೊಟಕು ಮಾಡುತ್ತಾರೆ. ತಾಯಿ ಎರಡು ಸಲ ಹೊರಹೋಗುತ್ತಾಳೆ. ಮೊದಲ ಸಲ ಅಪರಿಚಿತ ಹೆಂಗಸೊಬ್ಬಳು ಮಗುವಿನ ಜೊತೆಗಿರುತ್ತಾಳೆ. ಎರಡನೇ ಸಲ ಮಗು ಒಂಟಿ, ಆಮೇಲೆ ಆ ಹೆಂಗಸು ಒಳಬರುತ್ತಾಳೆ. ಗುಂಪು ತೀರ್ಮಾನವಾಗುವುದು ಮುಖ್ಯವಾಗಿ ಐದನೇ ಮತ್ತು ಎಂಟನೇ ಹಂತದಲ್ಲಿ, ಅಂದರೆ ತಾಯಿ ಮರಳಿದಾಗ. ಮಗು ಅವಳ ಹತ್ತಿರ ಬರುತ್ತದೆಯೇ, ಎತ್ತಿಕೊಂಡರೆ ಅಂಟಿಕೊಂಡೇ ಇರುತ್ತದೆಯೇ, ಮುಖ ತಿರುಗಿಸುತ್ತದೆಯೇ, ಸಿಟ್ಟಿನಿಂದ ಒದ್ದು ಕೊಸರಾಡುತ್ತದೆಯೇ? ಈ ನಾಲ್ಕಕ್ಕೂ ಒಂದರಿಂದ ಏಳರವರೆಗೆ ಅಂಕ ಕೊಡುತ್ತಾರೆ. ಬಿಕ್ಕಿ ಬಿಕ್ಕಿ ಅತ್ತ ಮಗು ತಾಯಿಯ ಹೆಗಲಿಗೆ ಒರಗಿ, ಸಮಾಧಾನವಾಗಿ, ಮತ್ತೆ ಆಟಿಕೆಯ ಕಡೆ ಜಾರಿಕೊಂಡಿತು ಅನ್ನಿ: ಅದು ಸುರಕ್ಷಿತ ಗುಂಪಿನದೇ.

ನಿಮ್ಮ ‘ಗಟ್ಟಿ ಮಗು’ವನ್ನು ಈಗ ನೋಡಿ. ತಾಯಿ ಹೋದಾಗ ಅಳಲಿಲ್ಲ, ಬಂದಾಗ ಅವಳ ಕಡೆ ತಿರುಗಲೂ ಇಲ್ಲ, ಆಟಿಕೆ ಉರುಳಿಸುತ್ತ ಕುಳಿತಿದೆ. ಇದನ್ನು ಐನ್ಸ್‌ವರ್ತ್ ದೂರವಿರುವ, ಅಂದರೆ ಅಸುರಕ್ಷಿತ ಬಾಂಧವ್ಯದ ಗುಂಪಿಗೆ ಹಾಕುತ್ತಾರೆ. ಇಂಥ ಮಕ್ಕಳ ಹೃದಯಬಡಿತವನ್ನು ಅಳೆದ ಸಂಶೋಧಕರಾದ ಸ್ರೌಫ್ ಮತ್ತು ವಾಟರ್ಸ್, ಮೇಲ್ನೋಟಕ್ಕೆ ತಣ್ಣಗಿದ್ದರೂ ಒಳಗೆ ಬಡಿತ ಏರಿರುತ್ತದೆ ಎಂದು 1977ರಲ್ಲಿ ತೋರಿಸಿದರು. ಲೇಖನ ಇಲ್ಲಿಂದ ಶುರುವಾಗಲಿ. ಈಗಿರುವ ಆರಂಭದ ‘ಮಕ್ಕಳು ದೇವರ ಸಮಾನ’ ಪ್ಯಾರಾ ಪೂರ್ತಿ ಹೋಗಲಿ.

‘ಮನೆಯಲ್ಲೇ ಪರೀಕ್ಷಿಸಿ ನೋಡಿ’ ಎಂಬ ಬಾಕ್ಸ್ ಕೂಡ ಬೇಡವೇ ಬೇಡ. ಕೋಣೆ ಹೊಸದಾಗಿರಬೇಕು, ಮಗುವಿಗೆ 12ರಿಂದ 18 ತಿಂಗಳ ಆಸುಪಾಸಿನ ವಯಸ್ಸಿರಬೇಕು, ಅಂಕ ಕೊಡುವವರಿಗೆ ತರಬೇತಿ ಆಗಿರಬೇಕು. ಎಲ್‌ಕೆಜಿಯ ಮೊದಲ ದಿನ ಗೇಟು ಹಿಡಿದು ಅಳುವ ನಾಲ್ಕು ವರ್ಷದ ಮಗುವಿನ ನಿಮ್ಮ ಉದಾಹರಣೆ ಇದಕ್ಕೆ ಒಗ್ಗುವುದಿಲ್ಲ. ಇನ್ನೊಂದು ಮಾತು: ಅಳೆಯುವುದು ಸಂಬಂಧವನ್ನು, ಮಗುವಿನ ಸ್ವಭಾವವನ್ನಲ್ಲ. ಅದೇ ಮಗು ತಂದೆಯ ಜೊತೆ ಬೇರೆ ಗುಂಪಿಗೆ ಬರಬಹುದು.

ಐನ್ಸ್‌ವರ್ತ್ ಇಪ್ಪತ್ತು ನಿಮಿಷದಲ್ಲಿ ತೀರ್ಪು ಕೊಟ್ಟುಬಿಟ್ಟರು ಎಂಬಂತೆ ಬರೆದಿದ್ದೀರಿ. ಅವರು 1954–55ರಲ್ಲಿ ಉಗಾಂಡಾದ ಕಂಪಾಲಾ ಸುತ್ತಲಿನ ಹಳ್ಳಿಗಳಲ್ಲಿ 26 ಕುಟುಂಬಗಳನ್ನು ಗಮನಿಸಿದ್ದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮತ್ತೆ 26 ಕುಟುಂಬಗಳು. ಅಲ್ಲಿ ಮೂರು ವಾರಕ್ಕೊಮ್ಮೆ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ಮಗುವಿಗೆ ವರ್ಷ ತುಂಬುವವರೆಗೂ ಮನೆ ಭೇಟಿ. ಪ್ರಯೋಗಕ್ಕೆ ತೂಕ ಬಂದದ್ದೇ ಇದರಿಂದ, ನೀವು ಒಂದು ಸಾಲೂ ಕೊಟ್ಟಿಲ್ಲ. ಐನ್ಸ್‌ವರ್ತ್ ಅವರದು ಮೂರೇ ಗುಂಪು: ಸುರಕ್ಷಿತ, ದೂರವಿರುವ, ರಮಿಸಿದರೂ ಸುಮ್ಮನಾಗದ. ನಾಲ್ಕನೇ ಗುಂಪನ್ನೂ, ಅಂದರೆ ವರ್ತನೆಯಲ್ಲಿ ಒಂದು ಕ್ರಮವೇ ಕಾಣದ ಮಕ್ಕಳ ಗುಂಪನ್ನೂ, ಅವರ ಹೆಸರಿಗೆ ಬರೆದಿದ್ದೀರಿ. ಅದು ಸಂಶೋಧಕಿಯರಾದ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ಆಮೇಲೆ ಸೇರಿಸಿದ್ದು.

‘ಕೂಡುಕುಟುಂಬದ ಭಾರತೀಯ ಮಕ್ಕಳೇ ಹೆಚ್ಚು ಸುರಕ್ಷಿತರು’ ಎಂಬ ವಾಕ್ಯಕ್ಕೆ ಆಧಾರ ಕೊಟ್ಟಿಲ್ಲ, ತೆಗೆಯಿರಿ. ಬದಲಿಗೆ ಜಪಾನಿನ ಸಪ್ಪೊರೊ ಅಧ್ಯಯನ ತನ್ನಿ. ತಾಯಿಯನ್ನು ಬಿಟ್ಟಿದ್ದೇ ಅಪರೂಪವಾಗಿದ್ದ ಅಲ್ಲಿನ ಮಕ್ಕಳಲ್ಲಿ ಹಲವರು ಎಷ್ಟು ರಮಿಸಿದರೂ ಸುಮ್ಮನಾಗದ ಗುಂಪಿಗೆ ಬಿದ್ದರು. ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ದೂರವಿರುವ ಗುಂಪೇ ದೊಡ್ಡದಾಗಿತ್ತು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಎಂದು ಮಡಿಲಿಂದ ಮಡಿಲಿಗೆ ಹೋಗುವ ನಮ್ಮ ಕಡೆಯ ಮಗುವಿಗೆ ಆ ಕೋಣೆಯಲ್ಲಿ ಒಂಟಿಯಾಗುವುದು ಎಷ್ಟು ವಿಚಿತ್ರ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಬಹುದು. ಆದರೆ ದೇಶಕ್ಕೊಂದು ಹಣೆಪಟ್ಟಿ ಹಚ್ಚಬೇಡಿ: 8 ದೇಶಗಳ 32 ಅಧ್ಯಯನಗಳನ್ನು 1988ರಲ್ಲಿ ಒಟ್ಟು ಮಾಡಿ ನೋಡಿದಾಗ, ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಇತ್ತು.

ಹದಿಹರೆಯದವರ ಸಿಟ್ಟಿಗೆಲ್ಲ ಮೊದಲ ವರ್ಷದ ತಾಯಿಯೇ ಕಾರಣ ಎನ್ನುವ ಕೊನೆಯ ಭಾಗ ಉಳಿಸಿಕೊಳ್ಳಲು ಬರುವುದಿಲ್ಲ. ತಾಯಿಯ ಸ್ಪಂದನಕ್ಕೂ ಸುರಕ್ಷಿತ ಬಾಂಧವ್ಯಕ್ಕೂ ಇರುವ ಸಹಸಂಬಂಧ 1997ರ ವಿಶ್ಲೇಷಣೆಯಲ್ಲಿ ಕೇವಲ 0.24 (ನಂಟೇ ಇಲ್ಲದಿದ್ದರೆ 0, ಪೂರ್ಣವಾಗಿದ್ದರೆ 1). ನಂಟು ನಿಜ, ಆದರೆ ಇಡೀ ಹದಿಹರೆಯವನ್ನು ಹೊರುವಷ್ಟು ಗಟ್ಟಿಯಲ್ಲ. ಆ ಭಾಗ ಕತ್ತರಿಸಿದರೆ ಸಿಗುವ ಜಾಗದಲ್ಲಿ ಎಂಟನೇ ಹಂತವನ್ನು ಮೂರೂ ಬಗೆಯ ಮಕ್ಕಳಲ್ಲಿ ನಿಧಾನವಾಗಿ ಬಿಡಿಸಿ ಬರೆಯಿರಿ. ಅದು ಬಂದ ಮೇಲೆ ಮತ್ತೆ ಓದುತ್ತೇವೆ.