ಬಾಗಿಲು ಹಿಡಿಯುವುದಿರಲಿ ತಮ್ಮಾ, ಬಾಯಿ ಹಿಡಿ

ಮುಂದಿನ ತಿಂಗಳು ಜಪಾನಿನ ನಗೋಯಾಕ್ಕೆ ಬರುತ್ತಿದ್ದೀಯ, ಸಂತೋಷ. ಮನೆ, ಊಟ ಹೇಗೆ ಅಂತ ಕೇಳಿದ್ದೀಯ. ಜೊತೆಗೆ, 'ಸಮುರಾಯ್‌ಗಳ ನಾಡಲ್ವಾ ಅಣ್ಣಾ, ಗಂಡಸರು ಹೆಂಗಸರಿಗೆ ಬಾಗಿಲು ತೆರೆದು ಹಿಡಿಯುತ್ತಾರಾ, ನಾನೂ ಹಿಡಿಯಬೇಕಾ?' ಅಂತಲೂ.

ಮನೆಯನ್ನು ನಿನ್ನ ಕಂಪನಿಯವರೇ ಹುಡುಕಿ ಕೊಡಲಿ, ಅವರನ್ನೇ ಕೇಳು. ಸಾರಿನ ಪುಡಿ ಜಾಸ್ತಿ ತಾ. ಇಲ್ಲಿ ತರಕಾರಿ ಸೂಪಿನಲ್ಲೂ ಎಷ್ಟೋ ಸಲ ಒಣಮೀನಿನ ರಸ ಇರುತ್ತದೆ.

ಇನ್ನು ಬಾಗಿಲು. ಅದಕ್ಕೆ ಇಲ್ಲಿ ಇರುವ ಹೆಸರೇ ಇಂಗ್ಲಿಷಿನಿಂದ ಬಂದದ್ದು, 'ರೆದೀ ಫಾಸುತೊ', ಅಂದರೆ 'ಲೇಡೀಸ್ ಫಸ್ಟ್'. ಹೊರಗಿನವರ ಪದ್ಧತಿ ಅಂತಲೇ ಲೆಕ್ಕ. ಯುರೋಪಿನ ಕುದುರೆ ಸವಾರ ವೀರರ ಶಿವಲ್ರಿಗೆ 'ಕಿಶಿದೋ' ಅನ್ನುತ್ತಾರೆ. 'ಬುಶಿದೋ', ಅಂದರೆ ಸಮುರಾಯ್ ಯೋಧರ ನೀತಿ, ಬೇರೆ. ಅದನ್ನು ಶಿವಲ್ರಿಯ ಪಕ್ಕದಲ್ಲಿಟ್ಟು ಜಪಾನಿನ ಲೇಖಕ ನಿತೊಬೆ ಇನಾಜೋ 1900ರ ಹೊತ್ತಿಗೆ ಪುಸ್ತಕ ಬರೆದರು, ಅದೂ ಇಂಗ್ಲಿಷಿನಲ್ಲಿ. 2003ರಲ್ಲಿ ನಾನು ಬಂದಿಳಿದಾಗ 5,000 ಯೆನ್ ನೋಟಿನ ಮೇಲೆ ಅವರ ಮುಖವೇ ಇತ್ತು. ಆಫೀಸಿನಲ್ಲಿ ಮಾತ್ರ ಯಾರ ಬಾಯಲ್ಲೂ ಬುಶಿದೋ ಕೇಳಲಿಲ್ಲ. ನೀನೂ ಸುಮ್ನೆ ಎತ್ತಬೇಡ.

ನೀನು ಕಲಿಯಬೇಕಾದ ಪದ 'ಒತೊಕೊಗಿ'. ಒತೊಕೊ ಅಂದರೆ ಗಂಡಸು. ಕೈಲಾಗದವನ ಪರ ನಿಂತು, ನಷ್ಟ ತನ್ನ ತಲೆಗೆ ಹಾಕಿಕೊಳ್ಳುವ ಗುಣ. ನಮ್ಮ 'ಗಂಡೆದೆ'ಗೆ ಹತ್ತಿರ, ಆದರೆ ಸದ್ದಿಲ್ಲ. (ಇದರದೇ ಸೋದರ ಪದ 'ನಿನ್ಕ್ಯೋ'. ಯಾಕುಜಾ ಗ್ಯಾಂಗಿನವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಹುಷಾರು.)

ನನ್ನ ಎರಡನೇ ವರ್ಷ. ಡ್ರಾಯಿಂಗಿನಲ್ಲಿ ಒಂದು ಅಳತೆ ತಪ್ಪು ಹಾಕಿದ್ದೆ. ಗಿರಾಕಿ ಕಂಪನಿಯವರು ಎದುರಿಗೆ ಕೂತಿದ್ದರು. ನಮ್ಮ 'ಕಚೋ', ಅಂದರೆ ವಿಭಾಗದ ಮುಖ್ಯಸ್ಥರು, ಎದ್ದು ಬಗ್ಗಿ, 'ನಾನು ಸರಿಯಾಗಿ ನೋಡಲಿಲ್ಲ, ತಪ್ಪು ನನ್ನದು' ಅಂದರು. ಡ್ರಾಯಿಂಗ್ ಅವರ ಕೈಗೆ ಹೋಗಿಯೇ ಇರಲಿಲ್ಲ! ನನ್ನ ಕಣ್ಣು ತುಂಬಿತು. ಎದ್ದು ನಿಂತು, 'ಇಲ್ಲ, ತಪ್ಪು ನನ್ನದು, ಇವರು ನನ್ನನ್ನು ಕಾಪಾಡುತ್ತಿದ್ದಾರೆ, ದೊಡ್ಡ ಮನಸ್ಸು' ಅಂದೆ. ಊರಿನಲ್ಲಾಗಿದ್ದರೆ ಬೆನ್ನು ತಟ್ಟುತ್ತಿದ್ದರು, ಅಲ್ವಾ? ಇಲ್ಲಿ ಯಾರೂ ತಲೆ ಎತ್ತಲಿಲ್ಲ. ಗಿರಾಕಿಗಳ ಮುಂದೆ ಅವರನ್ನು ಸುಳ್ಳುಗಾರ ಮಾಡಿಬಿಟ್ಟೆ ಅಂತ ಸಂಜೆ ಇನ್ನೊಬ್ಬರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಾರಲ್ಲ ನಮ್ಮಲ್ಲಿ, ಇಲ್ಲಿ ಪಡೆದವನೂ ಹಾಗೇ ಇರಬೇಕು.

ಮರುದಿನ ಅವರು ಎಂದಿನಂತೆ ಮೆಷಿನ್ನಿನಿಂದ ಡಬ್ಬಿ ಕಾಫಿ ತಂದು ನನ್ನ ಮೇಜಿನ ಮೇಲಿಟ್ಟರು. ಆ ಮಾತು ಮತ್ತೆ ಎತ್ತಲೇ ಇಲ್ಲ.

ಈಗ ನಿವೃತ್ತರು. ಪ್ರತಿ ಹೊಸ ವರ್ಷಕ್ಕೆ ಕಾರ್ಡು ಹಾಕುತ್ತೇನೆ. ಕ್ಷಮೆ ಕೇಳಿ ಎರಡು ಸಾಲು ಬರೆಯೋಣ ಅಂತ ಪೆನ್ನು ಎತ್ತುತ್ತೇನೆ. ಆದರೆ ಅದು ತೆರೆದ ಕಾರ್ಡು. ಅವರ ಮನೆಯವರೆಲ್ಲ ಓದುತ್ತಾರೆ.