ಬೆಲ್ಟ್‌ನಿಂದ ಪಕ್ಕೆಲುಬು ಮುರಿಯುತ್ತೆ, ಏರ್‌ಬ್ಯಾಗ್‌ನಿಂದ ಮುಖ ಸುಡುತ್ತೆ ಅಂತಾರೆ. ಕುಳ್ಳಗಿರುವ ನಾನು ಇವೆರಡರಲ್ಲಿ ಯಾವುದನ್ನು ಬಿಟ್ಟರೆ ವಾಸಿ?

ಸ್ಟೀರಿಂಗ್‌ಗೆ ಅಂಟಿಕೊಂಡು ಕೂರಬೇಕು, ಬೆಲ್ಟ್ ಕುತ್ತಿಗೆ ಉಜ್ಜುತ್ತೆ ಅಂತ ಬರೆದಿದ್ದೀರಲ್ಲ, ಓದಿ ಇದು ನಾನೇ ಹಾಕಿದ ಪ್ರಶ್ನೆಯೇನೋ ಅನ್ನಿಸಿತು. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ನೀವು ಹೆದರಿರುವ ಎರಡೂ ನನಗೆ ಆಗಿವೆ. ಮೂರು ಪಕ್ಕೆಲುಬು ಮುರಿದವು, ಮುಖ ಕೈ ಎರಡೂ ತರಚಿದವು. ಆದರೂ ಎರಡರಲ್ಲಿ ಒಂದನ್ನೂ ಬಿಟ್ಟಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದವಾಗುತ್ತೆ.

ಕಾರು ತಗೊಂಡ ಮೊದಲ ತಿಂಗಳಲ್ಲೇ ಬೆಲ್ಟ್ ಕುತ್ತಿಗೆಯ ಬಲಗಡೆ ಉಜ್ಜಿ ಉಜ್ಜಿ ಕೆಂಪಗಾಗಿತ್ತು. ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ಹೆಗಲ ಮೇಲಿಂದ ಬರುವ ಪಟ್ಟಿಯನ್ನು ಬಲ ಕಂಕುಳ ಕೆಳಗೆ ತೂರಿಸಿಬಿಡುತ್ತಿದ್ದೆ. ಬಕಲ್ ಟಕ್ ಅನ್ನುತ್ತಿತ್ತು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಿತ್ತು. ಬೆಲ್ಟ್ ಹಾಕಿದಂತೆಯೂ ಆಯ್ತು, ಕುತ್ತಿಗೆಗೆ ಆರಾಮವೂ ಆಯ್ತು. ಕ್ಲಚ್ ಎಟುಕಲಿ ಅಂತ ಬೆನ್ನ ಹಿಂದೆ ದಪ್ಪ ದಿಂಬು ಬೇರೆ. ಹೀಗೆ ನಾಲ್ಕು ವರ್ಷ ಓಡಿಸಿದೆ. ನೋಡಿದವರು ಯಾರೂ ಏನೂ ಅನ್ನಲಿಲ್ಲ.

ಒಂದು ಸಂಜೆ ಸರ್ಕಲ್‌ನಲ್ಲಿ ಎದುರಿನಿಂದ ಬಂದ ವ್ಯಾನ್ ಇದ್ದಕ್ಕಿದ್ದಂತೆ ಅಡ್ಡ ತಿರುಗಿತು. ನನ್ನ ಸ್ಪೀಡು ನಲವತ್ತರ ಆಸುಪಾಸು. ಬ್ರೇಕ್ ಒತ್ತಿದ್ದಷ್ಟೇ ನೆನಪು.

ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದನ್ನು ನಾನು ನೋಡಲೇ ಇಲ್ಲ. ಯಾರೂ ನೋಡುವುದಿಲ್ಲ. ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಅದು ಉಬ್ಬಿ ಮುಗಿದಿರುತ್ತೆ, ರೆಪ್ಪೆ ಮುಚ್ಚುವುದಕ್ಕೂ ಅಷ್ಟು ಬೇಗ ಆಗಲ್ಲ. ಢಬ್ ಅಂತ ಸದ್ದು ಕೇಳಿದ ಮೇಲೆ ಕಂಡದ್ದು ಸ್ಟೀರಿಂಗ್ ಮೇಲೆ ಜೋತುಬಿದ್ದ ಬಿಳಿ ಬಟ್ಟೆ. ಡಸ್ಟರ್ ಒದರಿದಾಗ ಏಳುವ ಸೀಮೆಸುಣ್ಣದ ಧೂಳಿನಂಥದ್ದು ಕಾರಿನ ತುಂಬ ತೇಲುತ್ತಿತ್ತು. ಪಟಾಕಿ ಹೊಡೆದ ವಾಸನೆ. ಕಾರಿಗೆ ಬೆಂಕಿ ಬಿತ್ತು ಅಂದುಕೊಂಡೆ. ಬೆಂಕಿಯಲ್ಲ ಅದು. ಮಡಿಸಿಟ್ಟ ಬಟ್ಟೆ ಅಂಟಿಕೊಳ್ಳದಿರಲಿ ಅಂತ ಸವರಿದ ಪುಡಿ, ಜೊತೆಗೆ ಗ್ಯಾಸ್ ಹುಟ್ಟಿಸುವ ಮದ್ದಿನ ಹೊಗೆ. ಮೂಗಿನಿಂದ ರಕ್ತ ಬಂತು. ಎಡಗೈ ಸ್ಟೀರಿಂಗ್‌ನ ಮೇಲ್ತುದಿಯಲ್ಲಿ ಇತ್ತಲ್ಲ, ಮುಂಗೈ ಸಿಪ್ಪೆ ಎದ್ದಿತು. ಮರುದಿನದವರೆಗೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಇದೆಲ್ಲ ಹತ್ತೇ ದಿನಕ್ಕೆ ವಾಸಿಯಾಯ್ತು.

ವಾಸಿಯಾಗದೆ ಕಾಡಿದ್ದು ಪಕ್ಕೆ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಮೈಮೇಲಿನ ನೀಲಿ ಗೆರೆ ನೋಡಿ, "ಹೆಗಲ ಮೇಲೆ ಗುರುತೇ ಇಲ್ಲವಲ್ಲಮ್ಮ, ಬೆಲ್ಟ್ ಎಲ್ಲಿತ್ತು?" ಅಂತ ಕೇಳಿದರು. ನಾನು ಮೆಲ್ಲಗೆ ಕೈ ಎತ್ತಿ ಕಂಕುಳ ಕೆಳಗೆ ತೋರಿಸಿದೆ. ಅವರು ಬೈಯಲಿಲ್ಲ. ಬರೆದುಕೊಂಡು, ಸ್ಕ್ಯಾನ್ ಮಾಡಿಸಿ ಅಂದರು. ಬಲಗಡೆ ಕೆಳಗಿನ ಮೂರು ಪಕ್ಕೆಲುಬು ಮುರಿದಿದ್ದವು, ಲಿವರ್ ಸಣ್ಣದಾಗಿ ಹರಿದಿತ್ತು. ನಾಲ್ಕು ದಿನ ಐಸಿಯು. ಆಮೇಲೆ ಆರು ವಾರ ಸೀನು ಬಂದರೆ ಸಾಕು, ಪ್ರಾಣ ಹೋದಂತಾಗುತ್ತಿತ್ತು.

ಈಗ ಆ ಕಂಕುಳ ವಿಷಯ. ಇದನ್ನು ಬಿಡಿಸಿ ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ನೀವೂ ಅದನ್ನೇ ಮಾಡ್ತಿದ್ದೀರಿ ಅಂತ ಅನುಮಾನ. 50 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದಿ ನಿಲ್ಲುವುದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಂತೆ. ಅಷ್ಟು ಜೋರಾಗಿ ಮುಂದೆ ನುಗ್ಗುವ ಮೈಯನ್ನು ಬೆಲ್ಟ್ ಯಾವುದಾದರೂ ಗಟ್ಟಿ ಮೂಳೆಗೆ ಒತ್ತಿಯೇ ಹಿಡಿಯಬೇಕು. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮಾಡಿದ ಮೂರು ಬಿಂದುವಿನ ಬೆಲ್ಟ್‌ನ ಲೆಕ್ಕವೇ ಅದು. ಮೇಲಿನ ಪಟ್ಟಿ ಭುಜದ ಮೂಳೆ, ಎದೆಮೂಳೆ ಮೇಲೆ ಹಾಯಬೇಕು. ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕು, ಹೊಟ್ಟೆ ಮೇಲಲ್ಲ. ಕಂಕುಳ ಕೆಳಗೆ ತೂರಿಸಿದರೆ ಭಾರವೆಲ್ಲ ಕೆಳಗಿನ ಪಕ್ಕೆಲುಬಿನ ಮೇಲೆ. ಅವು ಎದೆಮೂಳೆಗೆ ನೇರವಾಗಿ ಸೇರಿಲ್ಲ, ಕೊನೆಯ ಎರಡಕ್ಕೆ ಮುಂದುಗಡೆ ಆಸರೆಯೇ ಇಲ್ಲ. ಒಳಗೆ ಬಲಕ್ಕೆ ಲಿವರ್, ಎಡಕ್ಕೆ ಗುಲ್ಮ, ಅಂದರೆ ಸ್ಪ್ಲೀನ್. ಇಷ್ಟೇ ಅಲ್ಲ. ಹೆಗಲಿಗೆ ತಡೆ ಇಲ್ಲದ್ದರಿಂದ ಮೈ ಬೆಲ್ಟ್ ಮೇಲೆ ಮಡಚಿಕೊಂಡು, ಇನ್ನೂ ಉಬ್ಬುತ್ತಿರುವ ಏರ್‌ಬ್ಯಾಗ್‌ಗೆ ಮುಖವೇ ಹೋಗಿ ಬಡಿಯುತ್ತೆ. ಅಂದರೆ ನನ್ನ ಮೂಗಿನ ರಕ್ತಕ್ಕೂ ಆ ಕಂಕುಳೇ ಕಾರಣ. ದಿಂಬಿನದೂ ಪಾಲಿದೆ ಬಿಡಿ.

ನಿಜವಾಗಿ ಹೊಟ್ಟೆ ಉರಿದದ್ದು ಆಮೇಲೆ. ಕಾರಿನಲ್ಲಿದ್ದ ಸಾಮಾನು ತರಲು ವರ್ಕ್‌ಶಾಪಿಗೆ ಹೋಗಿದ್ದೆ. ಮೆಕ್ಯಾನಿಕ್ ಬಾಗಿಲ ಪಕ್ಕದ ಕಂಬದ ಮೇಲೆ, ಬೆಲ್ಟ್ ಹೊರಡುವ ಜಾಗದಲ್ಲಿ ಒಂದು ಗುಂಡಿ ಒತ್ತಿ ಕೆಳಕ್ಕೆ ಜಾರಿಸಿದ. ಟಕ್, ಟಕ್, ಟಕ್. "ಇದನ್ನ ಇಳಿಸಿಕೊಂಡಿದ್ರೆ ಕುತ್ತಿಗೆಗೆ ತಾಗ್ತಾನೇ ಇರಲಿಲ್ಲ ಮೇಡಂ" ಅಂದ. ನಾಲ್ಕು ವರ್ಷ ಆ ಗುಂಡಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು.

ಹಾಗಾಗಿ ಯಾವುದನ್ನು ಬಿಡಲಿ ಅನ್ನೋ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಸ್ಟೀರಿಂಗ್ ಮೇಲೆ ಎಸ್‌ಆರ್‌ಎಸ್ ಅಂತ ಬರೆದಿರುತ್ತಲ್ಲ, ಅದರ ಮೊದಲ ಅಕ್ಷರದ ಅರ್ಥವೇ ಪೂರಕ ಅಂತ. ಯಾವುದಕ್ಕೆ ಪೂರಕ? ಬೆಲ್ಟ್‌ಗೆ. ಬೆಲ್ಟ್ ಇಲ್ಲದೆ ಏರ್‌ಬ್ಯಾಗ್ ನಂಬಿದರೆ ಅದು ದಿಂಬಲ್ಲ, ಗುದ್ದು. ಬೀಪ್ ಶಬ್ದ ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಖಾಲಿ ಕ್ಲಿಪ್ ಅಂತೂ ಇನ್ನೂ ಕೆಟ್ಟದ್ದು. ಎಷ್ಟೋ ಕಾರುಗಳಲ್ಲಿ ಬೆಲ್ಟ್ ಹಾಕಿದವರಿಗೆ ಏರ್‌ಬ್ಯಾಗ್ ಸ್ವಲ್ಪ ಜಾಸ್ತಿ ಜೋರಿನ ಡಿಕ್ಕಿಗಷ್ಟೇ ಬಿಚ್ಚಿಕೊಳ್ಳುತ್ತೆ. ಕ್ಲಿಪ್ ಸಿಕ್ಕಿಸಿದರೆ ಕಾರು ನೀವು ಬೆಲ್ಟ್ ಹಾಕಿದ್ದೀರಿ ಅಂತಲೇ ತಿಳಿಯುತ್ತೆ.

ಏರ್‌ಬ್ಯಾಗೇ ಕೊಲ್ಲುತ್ತೆ ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಸಣ್ಣ ವೇಗದ ಡಿಕ್ಕಿಗಳಲ್ಲಿ ಏರ್‌ಬ್ಯಾಗ್ ಬಡಿದೇ 290ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅದರಲ್ಲಿ ಶೇ. 90ರಷ್ಟು 1998ಕ್ಕಿಂತ ಹಳೆಯ ಕಾರುಗಳಲ್ಲಿ. ಆಗ ಅದು ಈಗಿನದಕ್ಕಿಂತ ಜೋರಾಗಿ ಉಬ್ಬುತ್ತಿತ್ತು. ಅದೇ ದೇಶದಲ್ಲಿ 1987ರಿಂದ 2017ರವರೆಗೆ ಮುಂದಿನ ಏರ್‌ಬ್ಯಾಗ್‌ಗಳಿಂದ ಉಳಿದವರು 50,000ಕ್ಕೂ ಜಾಸ್ತಿ ಅಂತ ಅಲ್ಲಿನ ಸರ್ಕಾರದ ಲೆಕ್ಕ. ಲೋಹದ ಚೂರು ಸಿಡಿಯುತ್ತೆ ಅಂತ ನೀವು ಕೇಳಿದ್ದು ಟಕಾಟ ಕಂಪನಿಯ ಏರ್‌ಬ್ಯಾಗ್ ವಿಷಯ. ಒಳಗೆ ಗ್ಯಾಸ್ ಹುಟ್ಟಿಸುವ ಮದ್ದಾದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಶಾಖ, ತೇವಕ್ಕೆ ಕೆಟ್ಟು, ಅದಿರುವ ಲೋಹದ ಡಬ್ಬಿಯೇ ಒಡೆಯುತ್ತಿತ್ತು. ನಿಮ್ಮ ಕಾರು ಹಳೆಯದಾಗಿದ್ದರೆ ಚಾಸಿಸ್ ನಂಬರ್ ಕೊಟ್ಟು ರಿಕಾಲ್ ಇದೆಯಾ, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆದಿದ್ದಾರಾ ಅಂತ ಕಂಪನಿಯಲ್ಲಿ ವಿಚಾರಿಸಿ.

ನಿಮಗೆ ಬೇಕಾಗಿರೋದು ಒಂದು ಟೇಪು. ಸ್ಟೀರಿಂಗ್ ನಡುವಿನಿಂದ ನಿಮ್ಮ ಎದೆಮೂಳೆಗೆ ಕನಿಷ್ಠ 25 ಸೆಂ.ಮೀ. ಇರಬೇಕು. ಆಗ ನನ್ನದು 17 ಇತ್ತು. ಬೆನ್ನ ಹಿಂದಿನ ದಿಂಬು ತೆಗೆಯಿರಿ. ಸೀಟನ್ನು ಒಂದೊಂದೇ ಹಲ್ಲು ಹಿಂದೆ ಸರಿಸಿ, ಒರಗು ಸ್ವಲ್ಪವೇ ಸ್ವಲ್ಪ ವಾಲಿಸಿ. ಜಾಸ್ತಿ ವಾಲಿಸಿದರೆ ಬೆಲ್ಟ್ ಕೆಳಗಿಂದ ಜಾರಿಬಿಡ್ತೀರಿ. ಸೀಟು ಎತ್ತರಿಸುವ ಲಿವರ್ ಇದ್ದರೆ ಬಳಸಿ. ಸ್ಟೀರಿಂಗ್ ಮುಖಕ್ಕಲ್ಲ, ಎದೆಗೆ ನೋಡುತ್ತಿರಲಿ. ಕೈಗಳು ಗಡಿಯಾರದ ಒಂಬತ್ತು, ಮೂರರ ಜಾಗದಲ್ಲಿ. ಇಷ್ಟಾದರೂ 25 ಬರದಿದ್ದರೆ ಪೆಡಲ್ ಉದ್ದ ಮಾಡಿಸಬಹುದು ಅಥವಾ ಬೇರೆ ಕಾರು ನೋಡಬೇಕು, ಬೇರೆ ದಾರಿ ನನಗೆ ತೋಚುತ್ತಿಲ್ಲ. ಏರ್‌ಬ್ಯಾಗ್ ಆಫ್ ಮಾಡೋದು, ಅದೂ ಪಕ್ಕದ ಸೀಟಿನದು, ಹಿಮ್ಮುಖದ ಮಗುವಿನ ಸೀಟು ಮುಂದೆ ಇಡಲೇಬೇಕಾದಾಗ ಮಾತ್ರ. ಅದನ್ನೂ ಹಿಂದಿನ ಸೀಟಿಗೇ ಹಾಕಿ ಅಂತೀನಿ.

ಈಗಿನ ಕಾರಿನಲ್ಲಿ ಆ ಗುಂಡಿ ಕೆಳಗಿನಿಂದ ಎರಡನೇ ಹಲ್ಲಿನಲ್ಲಿದೆ. ನಮ್ಮ ಯಜಮಾನರು ಕಾರು ತಗೊಂಡು ಹೋದಾಗಲೆಲ್ಲ ಮೇಲಕ್ಕೆ ಏರಿಸಿಟ್ಟು ಬರುತ್ತಾರೆ. ನಾನು ಕೂತ ತಕ್ಷಣ ಟಕ್ ಟಕ್ ಅಂತ ಇಳಿಸಿ, ಆಮೇಲೆ ಕೀ ಹಾಕುತ್ತೇನೆ.