ಬೌಲಿಂಗ್ ಲೀಗಿಗೆ ಸೇರಿ, ಹೊಸ ಚೆಂಡು ಮಾತ್ರ ಈಗಲೇ ಕೊಳ್ಳಬೇಡಿ

ನಮಸ್ಕಾರ. ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಬಂದು ಐದು ತಿಂಗಳಾಯಿತು, ಹಿಮ ಬೀಳೋಕೆ ಶುರುವಾಗಿದೆ, ಆಫೀಸು ಬಿಟ್ಟರೆ ಮನೆ, ಇಲ್ಲಿಯವರ ಜೊತೆ ಚಳಿಯ ಬಗ್ಗೆ ಬಿಟ್ಟು ಬೇರೆ ಮಾತೇ ಹುಟ್ಟುವುದಿಲ್ಲ ಅಂತ ಬರೆದಿದ್ದೀರಿ. ಆಫೀಸಿನವರು ಮಂಗಳವಾರದ ಬೌಲಿಂಗ್ ಲೀಗಿಗೆ (ಕ್ರಿಕೆಟ್ಟಿನದಲ್ಲ, ಭಾರದ ಚೆಂಡು ಉರುಳಿಸಿ ಪಿನ್ನುಗಳನ್ನು ಬೀಳಿಸುವ ಆಟ) ಕರೆದಿದ್ದಾರೆ, ಸೇರಿದರೆ 200 ಡಾಲರ್ ಕೊಟ್ಟು ಚೆಂಡು ಕೊಳ್ಳಬೇಕಂತೆ, ಇದೆಲ್ಲ ಸುಮ್ನೆ ದಂಡ ಅಲ್ವಾ ಅಂತಲೂ ಕೇಳಿದ್ದೀರಿ. ಬಾಡಿಗೆ, ಕಾರಿನ ಇನ್ಶೂರೆನ್ಸ್, ತೊಗರಿಬೇಳೆ ಸಿಗುವ ಅಂಗಡಿ, ಇವನ್ನೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಬೌಲಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ. ಯಾಕೆಂದರೆ ಇಪ್ಪತ್ತಾರು ವರ್ಷದಲ್ಲಿ ಈ ಸೀಮೆ ನನಗೆ ಪರಿಚಯ ಆಗಿದ್ದೇ ಹಳೇ ಬೌಲಿಂಗ್ ಚೆಂಡುಗಳಿಂದ, ಅವನ್ನು ಮಾಡಿದ ಜನರಿಂದ.

ಸೇರಿ. ಖಂಡಿತ ಸೇರಿ. ಆದರೆ ಹೊಸ ಚೆಂಡು ಈಗಲೇ ಬೇಡ.

ನಾನಿರುವುದು ಮಸ್ಕೀಗನ್‌ನಲ್ಲಿ, ನಿಮ್ಮಿಂದ ಮುಕ್ಕಾಲು ಗಂಟೆ ದೂರ, ಮಿಶಿಗನ್ ಸರೋವರದ ದಡ. ಬಂದ ಮೊದಲ ಚಳಿಗಾಲ ನನ್ನದೂ ಇದೇ ಕಥೆ. ಒಂದು ಶನಿವಾರ ಪಾತ್ರೆ ಹುಡುಕಿಕೊಂಡು ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಕೆಳಗಿನ ಕಪಾಟಿನಲ್ಲಿ ಒಂದು ಕಪ್ಪು ಗುಂಡು ಕೂತಿತ್ತು. ಅಜ್ಜಿ ಮನೆಯ ಒರಳುಕಲ್ಲಿನ ಗುಂಡು ಥಟ್ಟನೆ ನೆನಪಾಗಿ, ಬಗ್ಗಿ ಮುಟ್ಟಿದೆ. ಕಲ್ಲಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಒಂದು ಮಗ್ಗುಲಲ್ಲಿ ಕಪ್ಪು ಮಾಸಿ, ಹಸಿರು ಬೆರೆತ ಕಂದು ಬಣ್ಣ ಬಂದಿತ್ತು. ಬ್ರನ್ಸ್‌ವಿಕ್ ಅಂತ, ಅದರ ಕೆಳಗೆ ಮಿನರಲೈಟ್ ಅಂತ ಕೆತ್ತಿತ್ತು. ಬೆರಳಿನ ತೂತುಗಳ ಹತ್ತಿರ ಸಣ್ಣ ಅಕ್ಷರದಲ್ಲಿ ಯಾರದೋ ಹೆಸರು. ಅಕ್ಷರಗಳ ಒಳಗೆ ತುಂಬಿದ್ದ ಬಿಳಿ ಬಣ್ಣ ಮೊದಲ ಎರಡರಲ್ಲಿ ಪೂರ್ತಿ ಹೋಗಿತ್ತು, ಉಳಿದವುಗಳಲ್ಲಿ ಹಾಗೇ ಇತ್ತು. ವರ್ಷಾನುಗಟ್ಟಲೆ ಒಂದೇ ಅಂಗೈ ಒಂದೇ ಜಾಗದಲ್ಲಿ ಉಜ್ಜಿದ ಗುರುತು ಅದು. ಬೆಲೆ ನಾಲ್ಕು ಡಾಲರ್. ಪಾತ್ರೆ ಅಲ್ಲೇ ಬಿಟ್ಟು ಅದನ್ನು ಹೊತ್ತುಕೊಂಡು ಬಂದೆ.

ಮನೆಗೆ ತಂದು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ಅಪ್ಪನ ಕಪ್ಪು ಇಂಕ್ ಪೆನ್ನನ್ನು ಅಂಗೈಯಲ್ಲಿ ತಿಕ್ಕಿದರೆ ಬರುತ್ತಿದ್ದದ್ದು ಅದೇ. ಆಮೇಲೆ ತಿಳಿಯಿತು, ಎರಡೂ ಒಂದೇ ವಸ್ತು, ಎಬೊನೈಟ್. ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಗಂಟೆಗಟ್ಟಲೆ ಬೇಯಿಸಿದರೆ ಅದು ಮರದಂತೆ ಗಟ್ಟಿಯಾಗುತ್ತದೆ. ಬಿಸಿಲು ತಾಗುತ್ತಾ ಹೋದರೆ ಕಪ್ಪು ಕಂದಾಗುತ್ತದೆ. ಪೆನ್ನಿಗೂ ಹಾಗೇ, ಚೆಂಡಿಗೂ ಹಾಗೇ. ಆ ಸಂಜೆ ಚೆಂಡನ್ನು ತೊಡೆಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ರಬ್ಬರಿಗೂ ಮೊದಲು ಚೆಂಡುಗಳು ಮರದವು. ಲಿಗ್ನಮ್ ವೈಟೆ ಅಂತ ಕೆರಿಬಿಯನ್ ಕಡೆಯ ಮರ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಎಷ್ಟು ಗಟ್ಟಿ ಅಂದರೂ ಮರ ಮರವೇ, ಸೀಳು ಬಿಡುತ್ತದೆ, ದುಂಡಗೆ ಉಳಿಯುವುದಿಲ್ಲ. 1905ರಲ್ಲಿ ಎವರ್‌ಟ್ರೂ ಅನ್ನುವ ರಬ್ಬರ್ ಚೆಂಡು ಬಂತು, ಆಮೇಲೆ ಬ್ರನ್ಸ್‌ವಿಕ್‌ನವರ ಮಿನರಲೈಟ್. ಆ ಕಂಪನಿ ಶುರುಮಾಡಿದ ಜಾನ್ ಮೋಸೆಸ್ ಬ್ರನ್ಸ್‌ವಿಕ್ ಅವರೂ ನಮ್ಮ ಹಾಗೆ ಹೊರಗಿನಿಂದ ಬಂದವರೇ. ಹುಡುಗನಾಗಿದ್ದಾಗ ಸ್ವಿಟ್ಜರ್ಲೆಂಡಿನಿಂದ ಬಂದು, 1845ರಲ್ಲಿ ಸಿನ್ಸಿನಾಟಿಯಲ್ಲಿ ಕೆಲಸ ಶುರುಮಾಡಿದರು. ಮೊದಲು ಕುದುರೆಗಾಡಿ, ಆಮೇಲೆ ಬಿಲಿಯರ್ಡ್ಸ್ ಮೇಜು. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1906ರಲ್ಲಿ, ಕಂಪನಿ ಮಸ್ಕೀಗನ್‌ನಲ್ಲಿ ಕಾರ್ಖಾನೆ ಕಟ್ಟಿತು.

ಇನ್ನೊಂದು ಮಾತು. ಆ ಕಾಲದ ಮರದ ಲೇನುಗಳಿಗೆ, ಅಂದರೆ ಚೆಂಡು ಉರುಳುವ ಹಾದಿಗಳಿಗೆ, ಬಳಿಯುತ್ತಿದ್ದದ್ದು ಶೆಲ್ಯಾಕ್, ಅಂದರೆ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದು ಅದೇ ಅರಗು. ಆಗ ಲೋಕಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಭಾರತದಿಂದ. ಅಂದರೆ ನಮ್ಮ ಕಡೆಯ ಕಾಡಿನ ಹುಳು ಮಾಡಿದ ಅಂಟಿನ ಮೇಲೆ ಇಲ್ಲಿಯವರ ಚೆಂಡು ಉರುಳುತ್ತಿತ್ತು. ಇದು ಗೊತ್ತಾದ ದಿನ ನನಗಾದ ಖುಷಿ ಇವತ್ತಿಗೂ ಕಮ್ಮಿಯಾಗಿಲ್ಲ.

ಆ ಚೆಂಡು ಹಿಡಿದುಕೊಂಡೇ ಮೊದಲ ಸಲ ಲೀಗಿಗೆ ಹೋದೆ. ತೂತುಗಳು ನನ್ನ ಬೆರಳಿಗೆ ಹೊಂದುತ್ತಿರಲಿಲ್ಲ, 16 ಪೌಂಡಿನ ಭಾರ ಬೇರೆ. ನಮ್ಮ ತಂಡದಲ್ಲಿ ಒಬ್ಬರು ಹಿರಿಯರಿದ್ದರು, ಅಷ್ಟರವರೆಗೆ ನನ್ನ ಜೊತೆ ತಲೆಯಾಡಿಸಿದ್ದು ಬಿಟ್ಟರೆ ಮಾತಿಲ್ಲ. ಚೆಂಡು ನೋಡಿದವರೇ ಎದ್ದು ಬಂದರು. ಎರಡೂ ಕೈಯಲ್ಲಿ ಎತ್ತಿ, ದೀಪದ ಕೆಳಗೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಸುತ್ತ ಒಂದು ಗೆರೆ ಎಳೆದ ಹಾಗೆ ಸವರಿದರು. ಆಮೇಲೆ ಮೂಗಿನ ಹತ್ತಿರ ತಂದು ಮೂಸಿದರು. ಬ್ರನ್ಸ್‌ವಿಕ್ ಕಾರ್ಖಾನೆಯಲ್ಲಿ ಪಾಲಿಶ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವರು ಅವರು. ಒಳಗೊಂದು ತಿರುಳು, ಅದರ ಮೇಲೆ ಗಟ್ಟಿ ರಬ್ಬರಿನ ಚಿಪ್ಪು, ಅಚ್ಚಿನಿಂದ ತೆಗೆದಾಗ ಒರಟಾಗಿರುತ್ತದೆ, ಉಜ್ಜಿ ಉಜ್ಜಿ ಸುತ್ತಳತೆ 27 ಇಂಚಿಗೆ ತರಬೇಕು, ಅದಕ್ಕಿಂತ ಜಾಸ್ತಿ ಇರಬಾರದು, ಅಂತ ಕೈಯಲ್ಲಿ ತೋರಿಸುತ್ತಾ ಹೇಳಿದರು. ಸಂಜೆ ಮನೆಗೆ ಹೋದರೂ ಮೈಯಿಂದ ಗಂಧಕದ ವಾಸನೆ ಹೋಗುತ್ತಿರಲಿಲ್ಲವಂತೆ, ಹೆಂಡತಿ ಬಟ್ಟೆ ಬೇರೆಯಾಗಿ ಒಗೆಯುತ್ತಿದ್ದರಂತೆ.

ನಾನು ಭದ್ರಾವತಿಯವನು. 1923ರಿಂದ ಕಬ್ಬಿಣ ಕರಗಿಸಿದ ಊರು, ಆಮೇಲೆ ಕಾಗದವನ್ನೂ ಮಾಡಿದ ಊರು. ಅಪ್ಪ ಕಾರ್ಖಾನೆಯಿಂದ ಬಂದಾಗ ಅಮ್ಮನೂ ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕುತ್ತಿದ್ದರು. ಸೈರನ್ ಕೂಗಿದರೆ ಗಡಿಯಾರ ನೋಡುತ್ತಿರಲಿಲ್ಲ ನಾವು. ಇದನ್ನು ಅವರಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಿಯರ್ ಕೆಳಗಿಟ್ಟು, ಆ ಸೈರನ್ ದಿನಕ್ಕೆ ಎಷ್ಟು ಸಲ ಅಂತ ಕೇಳಿದರು. ಅಲ್ಲಿಂದ ಮುಂದೆ ಮಂಗಳವಾರ ತಪ್ಪಿಸಿದ್ದು ಕಡಿಮೆ.

2006ರಲ್ಲಿ ಇಲ್ಲಿ ಚೆಂಡು ಮಾಡುವುದು ನಿಂತಿತು. ಕಾರ್ಖಾನೆಗೆ ಸರಿಯಾಗಿ ನೂರು ವರ್ಷ. ಆ ಕೆಲಸ ಮೆಕ್ಸಿಕೋದ ರೆನೋಸಾಗೆ ಹೋಯಿತು. ಕೆಂಟಕಿಯ ಹಾಪ್ಕಿನ್ಸ್‌ವಿಲ್‌ನಲ್ಲಿದ್ದ ಎಬೊನೈಟ್ ಅನ್ನುವ ಹೆಸರಿನ ಚೆಂಡಿನ ಕಂಪನಿಯನ್ನು 2019ರಲ್ಲಿ ಬ್ರನ್ಸ್‌ವಿಕ್ ಕೊಂಡ ಮೇಲೆ ಅಲ್ಲಿಯೂ ಚೆಂಡಿನ ಕೆಲಸ ಮುಗಿಯಿತು. ಊರಿನಲ್ಲಿ ನಮ್ಮ ಕಾಗದದ ಗಿರಣಿ ನಿಂತ ಸುದ್ದಿ ಬಂದಾಗ ನನ್ನ ಜೊತೆ ಸುಮ್ಮನೆ ಕೂತಿದ್ದವರು ಇದೇ ಲೀಗಿನ ಜನ. ಅವರಿಗೆ ವಿವರಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

2021ರ ಬೇಸಿಗೆಯ ಒಂದು ಸುದ್ದಿ ಕೇಳಿ. ಮಸ್ಕೀಗನ್ ಪಕ್ಕದ ನಾರ್ಟನ್ ಶೋರ್ಸ್‌ನಲ್ಲಿ ಒಬ್ಬರು ಮನೆಯ ಹಿಂದಿನ ಸಿಮೆಂಟ್ ಮೆಟ್ಟಿಲು ಒಡೆಸುತ್ತಿದ್ದಾಗ ಒಳಗೆ ಮಣ್ಣಿನ ಬದಲು ಬೌಲಿಂಗ್ ಚೆಂಡು ಸಿಕ್ಕಿತು. ಒಂದು ತೆಗೆದರೆ ಇನ್ನೊಂದು, ಒಟ್ಟು 150ಕ್ಕೂ ಜಾಸ್ತಿ. ಎಲ್ಲಾ 1950ರ ದಶಕದ ಮಿನರಲೈಟ್‌ಗಳು. ದೇಶವೆಲ್ಲ ಇದನ್ನು ವಿಚಿತ್ರ ಅಂತ ಓದಿತು. ನಮ್ಮ ಲೀಗಿನ ಹಿರಿಯರಿಗೆ ಅದು ವಿಚಿತ್ರವೇ ಅಲ್ಲ. ದೋಷ ಬಂದು ತೆಗೆದಿಟ್ಟ ಚೆಂಡುಗಳನ್ನು ಕೆಲಸಗಾರರು ಮನೆಗೆ ತಂದು ಜಲ್ಲಿಯ ಬದಲು ತುಂಬುತ್ತಿದ್ದರು. ಈ ಊರಿನ ಎಷ್ಟು ಮೆಟ್ಟಿಲುಗಳ ಕೆಳಗೆ ಇನ್ನೂ ಎಷ್ಟು ಚೆಂಡು ಮಲಗಿವೆಯೋ! ರಸ್ತೆಯಲ್ಲಿ ನಡೆಯುವಾಗ ಹಳೇ ಮೆಟ್ಟಿಲು ಕಂಡರೆ ಈಗಲೂ ನನಗೆ ಒಮ್ಮೆ ನಿಲ್ಲಬೇಕು ಅನ್ನಿಸುತ್ತದೆ.

ಇನ್ನು ಯಾವ ಚೆಂಡು ಅಂತ. ರಬ್ಬರ್ ಚೆಂಡು ನೆನಪಿಗೆ ಇಟ್ಟುಕೊಳ್ಳಲು ಚೆಂದ, ಆಡಲು ಮಾತ್ರ ಪಾಲಿಯೆಸ್ಟರ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು ನೋಡಿ. 1960ರ ಸುಮಾರಿಗೆ ಬಂದದ್ದು ಇದು. ಬಗೆಬಗೆಯ ಬಣ್ಣ ಹೆಚ್ಚಿದ್ದು ಆಗ. ಬ್ರನ್ಸ್‌ವಿಕ್‌ನ ಕ್ರೌನ್ ಜ್ಯುವೆಲ್ ಅನ್ನುವ ಚೆಂಡನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಳಗಿನಿಂದ ಹೊಳೆದ ಹಾಗೆ ಕಾಣುತ್ತದೆ. ಕೊಲಂಬಿಯಾ 300 ಅನ್ನುವ ಕಂಪನಿಯವರ ಯೆಲ್ಲೋ ಡಾಟ್ ಚೆಂಡು ಅಂದರೆ 1970ರ ದಶಕದಲ್ಲಿ ಆಡಿದವರ ಮುಖ ಈಗಲೂ ಅರಳುತ್ತದೆ. ಆ ಹಳದಿ ಚುಕ್ಕೆಯ ಬಣ್ಣ ಸುತ್ತಲೂ ಸ್ವಲ್ಪ ಹರಡಿದ್ದರೆ ಅದಕ್ಕೆ ಬ್ಲೀಡರ್ ಅನ್ನುತ್ತಾರೆ, ಅದಕ್ಕೆ ಬೆಲೆ ಜಾಸ್ತಿ. ಮೆತ್ತಗಿದ್ದ ಚೆಂಡು ಲೇನನ್ನು ಹೆಚ್ಚು ಹಿಡಿಯುತ್ತದೆ ಅನ್ನುವುದು ಅದರ ಗುಟ್ಟು. 1973ರಲ್ಲಿ ಡಾನ್ ಮೆಕ್ಯೂನ್ ಅನ್ನುವ ಆಟಗಾರ ಚೆಂಡನ್ನೇ ಮೀಥೈಲ್ ಈಥೈಲ್ ಕೀಟೋನ್ ಅನ್ನುವ ದ್ರಾವಣದಲ್ಲಿ, ಇಡ್ಲಿಗೆ ಅಕ್ಕಿ ನೆನೆಹಾಕಿದ ಹಾಗೆ, ನೆನೆಹಾಕಿ ಮೆತ್ತಗೆ ಮಾಡಿ ಆ ವರ್ಷ ಆರು ಪಂದ್ಯಾವಳಿ ಗೆದ್ದರು. ಬೇಗ ಬೆಂಕಿ ಹಿಡಿಯುವ ದ್ರಾವಣ ಅದು. ನೋಡಿದವರೆಲ್ಲ ಅದನ್ನೇ ಮಾಡಲು ಹೊರಟಾಗ, ಚೆಂಡು ಇಷ್ಟು ಗಟ್ಟಿ ಇರಲೇಬೇಕು ಅಂತ ನಿಯಮ ಬಂತು. ಆಮೇಲೆ 1980ರ ದಶಕದ ಆರಂಭದಲ್ಲಿ ಎಎಂಎಫ್ ಅನ್ನುವ ಕಂಪನಿಯವರ ಆ್ಯಂಗಲ್ ಚೆಂಡು ಬಂದು ಯುರೇಥೇನ್ ಅನ್ನುವ ಪ್ಲಾಸ್ಟಿಕ್ಕಿನ ಕಾಲ ಶುರುವಾಯಿತು, 1990ರ ದಶಕದಲ್ಲಿ ರಿಯಾಕ್ಟಿವ್ ರೆಸಿನ್. ನಿಮ್ಮ ಆಫೀಸಿನವರು 200 ಡಾಲರ್ ಅಂದದ್ದು ಈ ಕೊನೆಯದಕ್ಕೆ.

ರೆಸಿನ್ ಚೆಂಡು ಕೆಟ್ಟದ್ದಲ್ಲ. ಆದರೆ ಅದು ಲೇನಿನ ಮೇಲೆ ಬಳಿದ ಎಣ್ಣೆ ಕುಡಿಯುತ್ತದೆ, ಕುಡಿದು ಕುಡಿದು ಹಿಡಿತ ಕಳೆದುಕೊಳ್ಳುತ್ತದೆ. ಹೊಸಬರ ಕೈಯಲ್ಲಿ ಬೇಡದ ಕಡೆ ತಿರುಗುತ್ತದೆ ಕೂಡ. ಪಾಲಿಯೆಸ್ಟರ್ ಎಣ್ಣೆಯ ಮೇಲೆ ನೇರ ಹೋಗುತ್ತದೆ. ಮೊದಲ ವರ್ಷ ನಿಮಗೆ ಬೇಕಾದ್ದು ಅದೇ.

ಹಳೇ ಚೆಂಡು 13-14 ಪೌಂಡಿನದು ಹುಡುಕಿ. ಎತ್ತಿದ ಕೂಡಲೇ ತೂತುಗಳ ಸುತ್ತ ಉಗುರು ಆಡಿಸಿ, ಬಿರುಕು ಸಿಕ್ಕರೆ ವಾಪಸ್ ಇಟ್ಟುಬಿಡಿ. ತೂತು ಹೊಂದದಿದ್ದರೆ ಚಿಂತೆ ಇಲ್ಲ, ಲೇನಿನ ಪಕ್ಕದ ಪ್ರೋ ಶಾಪಿನಲ್ಲಿ ಹಳೇ ತೂತು ತುಂಬಿಸಿ ನಿಮ್ಮ ಅಳತೆಗೆ ಹೊಸದು ಕೊರೆದು ಕೊಡುತ್ತಾರೆ. ಹೆಸರು ಕೆತ್ತಿದ್ದರೆ ಅದನ್ನು ಅಳಿಸಬೇಡಿ, ಇದು ನನ್ನ ಕೋರಿಕೆ. ಚಳಿಗಾಲದಲ್ಲಿ ಕಾರಿನ ಡಿಕ್ಕಿಯಲ್ಲೋ ಗ್ಯಾರೇಜಿನಲ್ಲೋ ಚೆಂಡು ಬಿಡಲೇಬೇಡಿ. ನಾನೊಮ್ಮೆ ಜನವರಿಯಲ್ಲಿ ರಾತ್ರಿಯೆಲ್ಲ ಕಾರಲ್ಲಿ ಬಿಟ್ಟು, ಬೆಳಿಗ್ಗೆ ಒಳಗೆ ತಂದು ಹೀಟರ್ ಹತ್ತಿರ ಇಟ್ಟೆ. ಸ್ವಲ್ಪ ಹೊತ್ತಿಗೆ ಟಪ್ ಅಂತ ಸದ್ದು, ಹೆಬ್ಬೆರಳಿನ ತೂತಿನಿಂದ ಕೆಳಗೆ ಕೂದಲೆಳೆಯಷ್ಟು ಗೆರೆ. ಯಾರೋ 1968ರಿಂದ ಜೋಪಾನ ಮಾಡಿಟ್ಟ ಚೆಂಡು ಅದು. ಅವತ್ತು ಊಟ ಸೇರಲಿಲ್ಲ.

ಬೇಸಿಗೆ ಬಂದ ಮೇಲೆ ಮಸ್ಕೀಗನ್‌ಗೆ ಬನ್ನಿ. ಇಲ್ಲಿಂದ ಲೇಕ್ ಎಕ್ಸ್‌ಪ್ರೆಸ್ ದೋಣಿ ಹತ್ತಿದರೆ ಎರಡೂವರೆ ಗಂಟೆಯಲ್ಲಿ ಸರೋವರ ದಾಟಿ ಮಿಲ್ವಾಕಿ. ಅಲ್ಲಿ ಹಾಲರ್ ಹೌಸ್ ಅನ್ನುವ ಹಳೇ ಬಾರಿನ ನೆಲಮಾಳಿಗೆಯಲ್ಲಿ 1908ರ ಎರಡು ಲೇನುಗಳಿವೆ. ನಾನು ಹೋದಾಗ ಪಿನ್ ಜೋಡಿಸುತ್ತಿದ್ದದ್ದು ಯಂತ್ರ ಅಲ್ಲ, ಒಬ್ಬ ಹುಡುಗ. ಎಎಂಎಫ್‌ನ ಯಂತ್ರಗಳು 1950ರ ದಶಕದ ಆರಂಭದಲ್ಲಿ ಬರುವವರೆಗೂ ಎಲ್ಲಾ ಕಡೆ ಹಾಗೇ ಇತ್ತು. ಚೆಂಡು ಬಿಟ್ಟ ಮೇಲೆ ಅವನು ಗೋಡೆಯ ಮೇಲೆ ಕಾಲೆತ್ತಿ ಕೂರುತ್ತಿದ್ದ, ಪಿನ್ನುಗಳೆಲ್ಲ ಬಿದ್ದಮೇಲೆ ಇಳಿದು ಒಂದೊಂದನ್ನೇ ನಿಲ್ಲಿಸಿ, ಚೆಂಡನ್ನು ನಮ್ಮ ಕಡೆ ಉರುಳಿಸುತ್ತಿದ್ದ.

ಲೀಗಿನಲ್ಲಿ ಮೊದಲ ದಿನ ಯಾರ ಜೊತೆ ಏನು ಮಾತಾಡಲಿ ಅಂತ ಯೋಚನೆ ಮಾಡಬೇಡಿ. ಅರವತ್ತು ದಾಟಿದ ಯಾರನ್ನಾದರೂ ಅವರ ಮೊದಲ ಚೆಂಡು ಯಾವುದು ಅಂತ ಕೇಳಿ. ಆ ಪಾಲಿಶ್ ವಿಭಾಗದ ಹಿರಿಯರು ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಮಗಳು ಅಪ್ಪನ ನೀಲಿ ಕ್ರೌನ್ ಜ್ಯುವೆಲ್ ಅನ್ನು ಚರ್ಮದ ಚೀಲದ ಸಮೇತ ನನಗೆ ತಂದುಕೊಟ್ಟರು. ಅದು ಮನೆಯಲ್ಲಿ ಅಪ್ಪನ ಪೆನ್ನಿನ ಪಕ್ಕ ಇದೆ, ಅದನ್ನು ಕೊಡಲಾರೆ. ಆದರೆ 14 ಪೌಂಡಿನ ಒಂದು ಹಳೇ ವೈಟ್ ಡಾಟ್ ಪಾಲಿಯೆಸ್ಟರ್ ಚೆಂಡು ನನ್ನ ಹತ್ತಿರ ಹೆಚ್ಚಾಗಿದೆ, ಬಿರುಕಿಲ್ಲ. ನಿಮ್ಮ ಹೆಬ್ಬೆರಳಿನ ಅಳತೆ ಕಳಿಸಿ, ಮುಂದಿನ ಮಂಗಳವಾರದ ಒಳಗೆ ಕೊರೆಸಿ ಇಟ್ಟಿರುತ್ತೇನೆ. ಶೂ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಸಾಕ್ಸ್ ಮಾತ್ರ ಮನೆಯಿಂದ ತನ್ನಿ.